ಕಚೇರಿಗೆ ಬರುವ ಕಾನೂನು ವಿದ್ಯಾರ್ಥಿಗೆ ಕೆಲಸ ಕಲಿಸುವ ಬಗೆ: ವಕೀಲರಿಗಾಗಿ ನಾಲ್ಕು ವಾರಗಳ ಸಮಗ್ರ ಮಾರ್ಗದರ್ಶಿ

ಕಾಲೇಜಿನ ಪತ್ರ ಹಿಡಿದು ಬಂದ ವಿದ್ಯಾರ್ಥಿಯೊಬ್ಬರು "ಸರ್, ಇಂಟರ್ನ್‌ಶಿಪ್‌ಗೆ ಸೇರಿಸಿಕೊಳ್ತೀರಾ?" ಎಂದು ಕೇಳಿದರೆ ನಮ್ಮಲ್ಲಿ ಬಹುತೇಕ ವಕೀಲರು ಇಲ್ಲವೆನ್ನುವುದಿಲ್ಲ. ತೊಡಕು ಶುರುವಾಗುವುದು ಒಪ್ಪಿಕೊಂಡ ಮರುದಿನದಿಂದ. ಅವರನ್ನು ಎಲ್ಲಿ ಕೂರಿಸಬೇಕು, ಯಾವ ಕಡತ ಕೊಡಬೇಕು, ದಿನಕ್ಕೆ ಎಷ್ಟು ಹೊತ್ತು ನಾವು ಜೊತೆಗೆ ಕೂರಬೇಕು ಎಂಬುದನ್ನು ಯಾರೂ ನಮಗೆ ಹೇಳಿಕೊಟ್ಟಿಲ್ಲವಾದ್ದರಿಂದ, ವಿದ್ಯಾರ್ಥಿಯು ನಾಲ್ಕು ವಾರ ಜೆರಾಕ್ಸ್ ಅಂಗಡಿಗೂ ನಕಲು ಶಾಖೆಗೂ ಓಡಾಡಿ, ಕೊನೆಯ ದಿನ ಪ್ರಮಾಣಪತ್ರ ಪಡೆದು ಹೊರಟುಹೋಗುತ್ತಾರೆ. ಜಿಲ್ಲಾ ನ್ಯಾಯಾಲಯದಲ್ಲಿ ಹೆಚ್ಚಾಗಿ ಸಿವಿಲ್ ದಾವೆಗಳನ್ನು ನಡೆಸುವ ನಾನು ಮೊದಲ ಕೆಲವು ವರ್ಷ ಇದೇ ತಪ್ಪು ಮಾಡಿದ್ದೇನೆ. ಆಮೇಲೆ ತಿದ್ದಿಕೊಂಡ ಕ್ರಮವನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಅದರ ಸಾರ ಇಷ್ಟೇ: ವಿದ್ಯಾರ್ಥಿಗೆ ಹತ್ತು ಕಡತಗಳನ್ನು ತೋರಿಸಬೇಡಿ, ಒಂದೇ ಕಡತವನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಓದಿಸಿ, ಅದರ ಮೇಲೆ ಬರೆಸಿ, ಬರೆದದ್ದನ್ನು ನೀವೇ ಕೈಯಾರೆ ತಿದ್ದಿಕೊಡಿ.

ನಿಯಮಗಳು ಏನು ಹೇಳುತ್ತವೆ

ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಆಗಬಯಸುವವರು ಓದು ಮುಗಿಸಿದ ಮೇಲೆ ಸಾಮಾನ್ಯವಾಗಿ ಹನ್ನೆರಡು ತಿಂಗಳು ಹಿರಿಯ ಬ್ಯಾರಿಸ್ಟರರ ಕೈಕೆಳಗೆ ಪಳಗಬೇಕು. ಮೊದಲರ್ಧ ನೋಡಿ ಕಲಿಯುವುದು, ಉಳಿದರ್ಧ ಅವರ ನಿಗಾದಲ್ಲಿ ತಾವೇ ಪ್ರಕರಣ ನಡೆಸುವುದು. ನಮ್ಮಲ್ಲಿಯೂ 1961ರ ವಕೀಲರ ಕಾಯ್ದೆಯಲ್ಲಿ ತರಬೇತಿಗೆ ಅವಕಾಶವಿತ್ತು, ಆದರೆ 1973ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಒಂದು ವರ್ಷದ ತರಬೇತಿಯನ್ನು ಮತ್ತೆ ಕಡ್ಡಾಯ ಮಾಡಲು ಭಾರತೀಯ ವಕೀಲರ ಪರಿಷತ್ತು 1995ರಲ್ಲಿ ರೂಪಿಸಿದ ನಿಯಮಗಳನ್ನು, ಪರಿಷತ್ತಿಗೆ ಆ ಅಧಿಕಾರವಿಲ್ಲವೆಂಬ ಕಾರಣಕ್ಕೆ, ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ವಿ. ಸುಧೀರ್ ಪ್ರಕರಣದಲ್ಲಿ ರದ್ದುಪಡಿಸಿತು. ಹಾಗಾಗಿ ಇಂದು ಪದವಿಗೂ ಕರಿಯ ಗೌನಿಗೂ ನಡುವೆ ಕಡ್ಡಾಯ ಗುರುಕುಲವಾಸವೆಂಬುದು ಉಳಿದಿಲ್ಲ. 2011ರಿಂದ ನಡೆಯುತ್ತಿರುವ ಅಖಿಲ ಭಾರತ ವಕೀಲರ ಪರೀಕ್ಷೆ ಓದಿನ ಪರೀಕ್ಷೆಯೇ ಹೊರತು ಕೈಗೆಲಸದ ಪರೀಕ್ಷೆಯಲ್ಲ. ಉಳಿದಿರುವ ಒಂದೇ ಕಿಂಡಿ ವಿದ್ಯಾರ್ಥಿ ದೆಸೆಯ ಇಂಟರ್ನ್‌ಶಿಪ್.

2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಪದವಿಯವರು ಕನಿಷ್ಠ 12 ವಾರ, ಐದು ವರ್ಷದ ಪದವಿಯವರು ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಯಾವುದೇ ವರ್ಷದಲ್ಲಿ ಅದು ಸತತ ನಾಲ್ಕು ವಾರಗಳನ್ನು ಮೀರಬಾರದು. ವ್ಯಾಸಂಗದ ಅವಧಿಯಲ್ಲಿ ಒಮ್ಮೆಯಾದರೂ ವಿಚಾರಣಾ ಮತ್ತು ಮೇಲ್ಮನವಿ ನ್ಯಾಯಾಲಯದ ವಕೀಲರ ಬಳಿ ಇರಬೇಕು. ಕನಿಷ್ಠ ಹತ್ತು ವರ್ಷ ಅನುಭವವಿದ್ದು, ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಲು ಸಿದ್ಧರಿರುವ ಹಿರಿಯ ವಕೀಲರ ಪಟ್ಟಿಯನ್ನು ಜಿಲ್ಲಾವಾರು ತಯಾರಿಸುವ ಹೊಣೆಯನ್ನೂ ಅದೇ ನಿಯಮಗಳು ರಾಜ್ಯ ವಕೀಲರ ಪರಿಷತ್ತಿಗೆ ವಹಿಸಿವೆ. ನಾಲ್ಕು ವಾರವೆಂದರೆ ಭಾನುವಾರ, ಎರಡನೇ ಶನಿವಾರಗಳನ್ನು ಕಳೆದು ನಿಮಗೆ ಸಿಗುವುದು ಇಪ್ಪತ್ತೆರಡು ಇಪ್ಪತ್ತಮೂರು ದಿನ. ಈ ಎಣಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಯೋಜಿಸಬೇಕು.

ಒಪ್ಪುವ ಮೊದಲು

ಮೊದಲು ನ್ಯಾಯಾಲಯದ ಕ್ಯಾಲೆಂಡರ್ ನೋಡಿ. ಕಾಲೇಜಿಗೆ ಬೇಸಿಗೆ ರಜೆ ಬಂದಾಗ ಸಿವಿಲ್ ನ್ಯಾಯಾಲಯಗಳಿಗೂ ರಜೆ ಇರುತ್ತದೆ. ಆ ದಿನಗಳಲ್ಲಿ ಬಂದ ವಿದ್ಯಾರ್ಥಿ ಸಿವಿಲ್ ವಿಚಾರಣೆಯನ್ನು ಕಣ್ಣಾರೆ ನೋಡುವುದೇ ಇಲ್ಲ. ಸಿವಿಲ್ ಕೆಲಸ ಕಲಿಸುವವರು ಸೆಮಿಸ್ಟರ್‌ಗಳ ನಡುವಿನ ಬಿಡುವಿಗೆ ಬರಹೇಳಿದರೆ ಒಳ್ಳೆಯದು. ಒಂದು ಸಲಕ್ಕೆ ಇಬ್ಬರಿಗಿಂತ ಹೆಚ್ಚು ಮಂದಿಯನ್ನು ಸೇರಿಸಿಕೊಳ್ಳಬೇಡಿ. ಇಬ್ಬರಿದ್ದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ತಪ್ಪು ಹುಡುಕಬಹುದು, ಆದರೆ ಐವರಿದ್ದರೆ ಯಾರ ಬರಹವನ್ನೂ ನೀವು ಓದಲಾರಿರಿ.

ಎರಡನೆಯದಾಗಿ, ನಿಮ್ಮ ದಿನದಲ್ಲಿ ಅರ್ಧ ಗಂಟೆಯನ್ನು ಎತ್ತಿಡಿ. ಸಂಜೆ ಕಕ್ಷಿದಾರರು ಬರುವ ಮುಂಚಿನ ಅರ್ಧ ಗಂಟೆ ನನಗೆ ಸರಿಹೋಗಿದೆ. ಇದನ್ನು ನಿಮ್ಮ ಗುಮಾಸ್ತರಿಗೂ ಕಿರಿಯ ವಕೀಲರಿಗೂ ಮೊದಲೇ ತಿಳಿಸಿ. ಆ ಅರ್ಧ ಗಂಟೆಯನ್ನು ಕೊಡಲಾಗದ ತಿಂಗಳಾದರೆ, ವಿದ್ಯಾರ್ಥಿಗೆ ಈಗ ಬೇಡವೆಂದು ಹೇಳಿ ಬೇರೆ ಹಿರಿಯರ ಬಳಿ ಕಳಿಸುವುದೇ ಸರಿಯಾದ ಸಹಾಯ.

ಮೊದಲ ದಿನದ ಮಾತು

ಮೊದಲ ದಿನ ಕಡತ ಕೊಡಬೇಡಿ, ಕೂರಿಸಿಕೊಂಡು ಮಾತನಾಡಿ. ಯಾವ ವರ್ಷ, ಯಾವ ವಿಷಯಗಳನ್ನು ಓದಿಯಾಗಿದೆ, ಸಿವಿಲ್ ಪ್ರಕ್ರಿಯಾ ಸಂಹಿತೆ ಇನ್ನೂ ಬರಬೇಕೋ ಬಂದಾಗಿದೆಯೋ, ಮನೆಮಾತು ಏನು, ಕನ್ನಡದಲ್ಲಿ ಸರಾಗವಾಗಿ ಬರೆಯಬಲ್ಲರೋ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಅವರ ಕಾಲೇಜು ಏನನ್ನು ಬಯಸುತ್ತದೆ ಎಂಬುದನ್ನೂ ಕೇಳಿ. ಅಣಕು ನ್ಯಾಯಾಲಯ ಮತ್ತು ಇಂಟರ್ನ್‌ಶಿಪ್ ಎಂಬ ಪ್ರಾಯೋಗಿಕ ಪತ್ರಿಕೆಯಲ್ಲಿ ಒಂದು ಸಿವಿಲ್, ಒಂದು ಕ್ರಿಮಿನಲ್ ಪ್ರಕರಣದ ವಿಚಾರಣೆಯನ್ನು ನೋಡಿ ದಾಖಲಿಸಲು 30 ಅಂಕಗಳಿವೆ. ಕಕ್ಷಿದಾರರೊಡನೆ ವಕೀಲರು ನಡೆಸುವ ಎರಡು ಮಾತುಕತೆಗಳನ್ನು ಮತ್ತು ದಾವೆ ಹೂಡುವ ಸಿದ್ಧತೆಯನ್ನು ದಿನಚರಿಯಲ್ಲಿ ಬರೆಯಲು ಇನ್ನೊಂದು 30. ಈ ದಿನಚರಿಯನ್ನು ಕೊನೆಯ ವಾರ ಗೆಳೆಯರದನ್ನು ನೋಡಿ ಬರೆಯುವ ಅಭ್ಯಾಸ ಎಲ್ಲೆಡೆ ಇದೆ. ನಿಮ್ಮ ಕಚೇರಿಯಲ್ಲಿ ಅದು ಅದೇ ದಿನ, ಅದೇ ಸಂಜೆ ಬರೆಯಬೇಕಾದದ್ದು ಎಂದು ಆರಂಭದಲ್ಲೇ ಹೇಳಿಬಿಡಿ.

ಆ ದಿನವೇ ತಿಳಿಹೇಳಬೇಕಾದ ಎಲ್ಲೆಗಳು ಮೂರು. ಮೊದಲನೆಯದು ಗೋಪ್ಯತೆ. ಕಕ್ಷಿದಾರರು ವಕೀಲರಿಗೆ ಹೇಳಿದ್ದನ್ನು ಹೊರಗೆಡಹಬಾರದೆಂಬ ಕಟ್ಟು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿದೆ. ಅದು ವಕೀಲರ ಗುಮಾಸ್ತರಿಗೂ ನೌಕರರಿಗೂ ಅನ್ವಯಿಸುತ್ತದೆ. ವಿದ್ಯಾರ್ಥಿಯೂ ಅದೇ ಕಟ್ಟಿಗೆ ಒಳಪಟ್ಟಂತೆ ನಡೆದುಕೊಳ್ಳಬೇಕು. ಕಡತದ ಹಾಳೆಗಳನ್ನು ಫೋನಿನಲ್ಲಿ ಚಿತ್ರ ತೆಗೆಯುವುದು, ಪ್ರಕರಣದ ಬಗ್ಗೆ ವಾಟ್ಸಾಪ್ ಗುಂಪಿನಲ್ಲಿ ಬರೆಯುವುದು ಸಲ್ಲದೆಂದು ಬಾಯಲ್ಲಿ ಹೇಳಿದರೆ ಸಾಲದು, ಬರೆದು ಸಹಿ ಹಾಕಿಸಿಕೊಳ್ಳಿ. ದಿನಚರಿಯಲ್ಲಿ ಕಕ್ಷಿದಾರರ ಹೆಸರಿನ ಬದಲು ವಾದಿ, ಒಂದನೇ ಪ್ರತಿವಾದಿ ಎಂದೇ ಬರೆಯಲಿ. ಎರಡನೆಯದು ಅಧಿಕಾರದ ಎಲ್ಲೆ. ನೋಂದಾಯಿತ ವಕೀಲರಲ್ಲದವರು ವೃತ್ತಿ ನಡೆಸುವಂತಿಲ್ಲ. ಅದಕ್ಕೆ ವಕೀಲರ ಕಾಯ್ದೆಯ 45ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆವಾಸದ ಶಿಕ್ಷೆಯಿದೆ. ಆದ್ದರಿಂದ "ನಾನು ಇನ್ನೊಂದು ಹಾಲ್‌ನಲ್ಲಿದ್ದೇನೆ, ನೀನೇ ಎದ್ದು ನಿಂತು ಒಂದು ಡೇಟ್ ತಗೋ" ಎಂದು ವಿದ್ಯಾರ್ಥಿಗೆ ಎಂದೂ ಹೇಳಬೇಡಿ. ಅವಸರದಲ್ಲಿ ಬಾಯಿಗೆ ಬರುವ ಮಾತು ಅದು, ಆದರೆ ಅದರ ಪರಿಣಾಮ ಬೀಳುವುದು ಆ ಮಗುವಿನ ಮೇಲೆ. ಮೂರನೆಯದು ಉಡುಪು. ನಿಯಮಗಳಲ್ಲಿ ವಿದ್ಯಾರ್ಥಿಗಳಿಗೆ ಬಿಳಿ ಅಂಗಿ, ಬಿಳಿ ಅಥವಾ ಕಪ್ಪು ಪ್ಯಾಂಟು, ಕಪ್ಪು ಟೈ, ಕಪ್ಪು ಕೋಟು, ಕಪ್ಪು ಬೂಟು ಎಂದಿದೆ; ಬಿಳಿ ಕೊರಳಪಟ್ಟಿಯೂ ಗೌನೂ ವಕೀಲರಿಗೆ ಮಾತ್ರ. ಕೋಟು ಹೊಲಿಸಲು ಹಣವಿಲ್ಲದ ವಿದ್ಯಾರ್ಥಿಗಳು ಬರುತ್ತಾರೆ. ಪೂರ್ಣ ಉಡುಪು ಹೊಂದಿಸಲಾಗದವರಿಗೆ ಬಿಳಿ ಪ್ಯಾಂಟು, ತುಂಬು ತೋಳಿನ ಅಂಗಿ, ಮುಚ್ಚಿದ ಬೂಟು ಸಾಕೆಂದು ಅದೇ ನಿಯಮ ಹೇಳುತ್ತದೆ. ಇದನ್ನು ಅವರು ಕೇಳುವ ಮೊದಲೇ ನೀವಾಗಿ ತಿಳಿಸಿದರೆ ಅವರ ಸಂಕೋಚ ಅರ್ಧ ಕಡಿಮೆಯಾಗುತ್ತದೆ.

ಒಂದೇ ಕಡತ

ಎರಡನೇ ದಿನ ಕಡತವನ್ನು ಆರಿಸಿ ಕೊಡಿ. ನನ್ನ ಅನುಭವದಲ್ಲಿ ಕಲಿಕೆಗೆ ಪಾಲು ದಾವೆಗಿಂತ ಒಳ್ಳೆಯ ಕಡತ ಇನ್ನೊಂದಿಲ್ಲ. ಅದರಲ್ಲಿ ವಂಶವೃಕ್ಷವಿದೆ, ಪಹಣಿ, ಮ್ಯುಟೇಷನ್, ಕ್ರಯಪತ್ರಗಳಿವೆ. ತಾತ್ಕಾಲಿಕ ಪ್ರತಿಬಂಧಕಾಜ್ಞೆಗೆ ಮಧ್ಯಂತರ ಅರ್ಜಿ ಇರುತ್ತದೆ. ಹೆಣ್ಣುಮಕ್ಕಳ ಹಕ್ಕಿನ ಪ್ರಶ್ನೆ ಬಂದರೆ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 1994ರ ಕರ್ನಾಟಕ ತಿದ್ದುಪಡಿ, 2005ರ ಕೇಂದ್ರ ತಿದ್ದುಪಡಿ, ಸರ್ವೋಚ್ಚ ನ್ಯಾಯಾಲಯದ 2020ರ ವಿನೀತಾ ಶರ್ಮಾ ತೀರ್ಪು ಹೀಗೆ ಕಾನೂನು ಬೆಳೆದ ದಾರಿಯೇ ಒಂದು ಕಡತದಲ್ಲಿ ಕಾಣುತ್ತದೆ. ಯಾರಿಗೆ ಎಷ್ಟು ಪಾಲೆಂದು ಹೇಳುವ ಪ್ರಾಥಮಿಕ ಡಿಕ್ರಿಯಾದ ಮೇಲೂ ಅಂತಿಮ ಡಿಕ್ರಿಯವರೆಗೆ ನಡಾವಳಿ ಮುಂದುವರಿಯಬೇಕು ಎಂಬುದು ತರಗತಿಯಲ್ಲಿ ಒಂದು ಸಾಲಿನ ಮಾತು, ಆದರೆ ಕಡತದಲ್ಲಿ ಅದು ಹಲವು ವರ್ಷಗಳ ಕಾಯುವಿಕೆ. ಸಾಧ್ಯವಾದರೆ ವಿಚಾರಣೆ ನಡೆಯುತ್ತಿರುವ ಒಂದು ಕಡತವನ್ನೂ, ಜೊತೆಗೆ ತೀರ್ಪಾಗಿ ಮುಗಿದ ಒಂದು ಕಡತವನ್ನೂ ಕೊಡಿ. ಮುಗಿದ ಕಡತ ಕೈಪಿಡಿಯಂತೆ ಪಕ್ಕದಲ್ಲಿರಲಿ.

ಓದುವ ಕ್ರಮವನ್ನು ಹೇಳಿಕೊಡಬೇಕಾಗುತ್ತದೆ, ಏಕೆಂದರೆ ಕಾಲೇಜಿನಲ್ಲಿ ಅವರು ಓದಿರುವುದು ತೀರ್ಪುಗಳನ್ನು; ಕಡತವೆಂಬುದು ತೀರ್ಪಿಗಿಂತ ಮುಂಚಿನ, ಇನ್ನೂ ಇತ್ಯರ್ಥವಾಗದ ವಸ್ತು. ಮೊದಲು ಆರ್ಡರ್ ಶೀಟ್ (ಪ್ರತಿ ದಿನಾಂಕದ ನಡಾವಳಿ ಬರೆದ ಹಾಳೆ) ಓದಿಸಿ, ದಿನಾಂಕಗಳ ಪಟ್ಟಿ ಮಾಡಿಸಿ. ಸಮನ್ಸ್ ಜಾರಿಯಾದ ದಿನ ಯಾವುದು, ಪ್ರತಿವಾದಿಯ ಲಿಖಿತ ಹೇಳಿಕೆ 30 ದಿನಗಳೊಳಗೆ ಬಂದಿದೆಯೇ, ಇಲ್ಲದಿದ್ದರೆ 90 ದಿನಗಳವರೆಗಿನ ವಿಸ್ತರಣೆಗೆ ನ್ಯಾಯಾಲಯ ಕಾರಣ ಬರೆದಿದೆಯೇ ಎಂಬುದನ್ನು ಅವರೇ ಆ ಪಟ್ಟಿಯಿಂದ ಕಂಡುಕೊಳ್ಳಲಿ. ಆಮೇಲೆ ವಾದಪತ್ರವನ್ನೂ ಲಿಖಿತ ಹೇಳಿಕೆಯನ್ನೂ ಎದುರುಬದುರು ಇಟ್ಟು, ಹಾಳೆಯನ್ನು ಎರಡು ಅಂಕಣ ಮಾಡಿ, ಪ್ಯಾರಾ ಪ್ಯಾರಾಕ್ಕೆ ಯಾವುದನ್ನು ಒಪ್ಪಲಾಗಿದೆ, ಯಾವುದನ್ನು ನಿರಾಕರಿಸಲಾಗಿದೆ, ಯಾವುದಕ್ಕೆ ಉತ್ತರವೇ ಇಲ್ಲ ಎಂದು ಬರೆಸಿ. ನ್ಯಾಯಾಲಯ ರಚಿಸಿದ ವಿವಾದಾಂಶಗಳನ್ನು, ಅಂದರೆ ತೀರ್ಪಿನಲ್ಲಿ ಉತ್ತರಿಸಬೇಕಾದ ಪ್ರಶ್ನೆಗಳನ್ನು, ತೋರಿಸುವ ಮೊದಲು ಅವರೇ ವಿವಾದಾಂಶಗಳನ್ನು ರಚಿಸಲಿ. ನಂತರ ಎರಡನ್ನೂ ಹೋಲಿಸಿ ನೋಡುವಾಗ ಅವರ ಮುಖದಲ್ಲಿ ಮೂಡುವ ಬೆಳಕಿಗಾಗಿಯೇ ನಾನು ಈ ಕೆಲಸವನ್ನು ಬಿಟ್ಟಿಲ್ಲ.

ಕೊನೆಗೆ ಷೆಡ್ಯೂಲ್. ಆಸ್ತಿಯ ವಿವರವನ್ನು ಹೆಚ್ಚಿನವರು ಓದುವುದೇ ಇಲ್ಲ, ಸರ್ವೆ ನಂಬರು ನೋಡಿ ಮುಂದೆ ಹೋಗುತ್ತಾರೆ. ಒಮ್ಮೆ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ವಿದ್ಯಾರ್ಥಿನಿಯೊಬ್ಬರಿಗೆ ನಾನು ಒಂದು ವಾದಪತ್ರದ ಕರಡನ್ನು ಕೊಟ್ಟು, ಷೆಡ್ಯೂಲನ್ನು ಕ್ರಯಪತ್ರದೊಡನೆ ತಾಳೆ ನೋಡಲು ಹೇಳಿದೆ. ಚಕ್ಕುಬಂದಿಯ ನಾಲ್ಕು ದಿಕ್ಕುಗಳನ್ನೂ ಅವರು ಸರಿಯಾಗಿಯೇ ತಾಳೆ ಮಾಡಿದ್ದರು. ವಿಸ್ತೀರ್ಣದ ಎದುರು ಮಾತ್ರ "2 ಎಕರೆ 51 ಗುಂಟೆ" ಎಂದಿತ್ತು. ಕ್ರಯಪತ್ರದಲ್ಲಿದ್ದುದು 2 ಎಕರೆ 15 ಗುಂಟೆ. ಅಂಕಿಗಳು ತಿರುವುಮುರುವಾದದ್ದು ಅವರ ಕಣ್ಣಿಗೆ ಬೀಳಲಿಲ್ಲ. "ಎಕರೆಗೆ ಎಷ್ಟು ಗುಂಟೆಯಮ್ಮ?" ಎಂದು ಕೇಳಿದೆ. ಗೊತ್ತಿಲ್ಲವೆಂದರು. ನಲವತ್ತು ಎಂದೆ. ಅರೆಕ್ಷಣ ಸುಮ್ಮನಿದ್ದು, "ಹಾಗಾದ್ರೆ ಐವತ್ತೊಂದು ಗುಂಟೆ ಅಂತ ಇರೋದಕ್ಕೇ ಸಾಧ್ಯವಿಲ್ಲ, ಸರ್" ಎಂದು ಪೆನ್ಸಿಲ್ ತೆಗೆದುಕೊಂಡರು. ಆ ತಪ್ಪು ಹಾಗೆಯೇ ದಾಖಲಾಗಿ ಸಾಕ್ಷ್ಯ ಆರಂಭವಾಗಿಬಿಟ್ಟಿದ್ದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 6 ನಿಯಮ 17ರಡಿ ವಾದಪತ್ರದ ತಿದ್ದುಪಡಿ ಕೇಳುವಾಗ ಇಷ್ಟು ದಿನ ಏಕೆ ಗಮನಿಸಲಿಲ್ಲ ಎಂಬುದಕ್ಕೆ ನಾವು ಸಮಜಾಯಿಷಿ ಕೊಡಬೇಕಾಗುತ್ತಿತ್ತು. ಅಂದಿನಿಂದ ಎಕರೆ, ಗುಂಟೆ, ಹಿಸ್ಸಾ, ಖರಾಬು, ಚಕ್ಕುಬಂದಿ ಈ ಪದಗಳ ಒಂದು ಪುಟವನ್ನು ನಾನು ಎರಡನೇ ದಿನವೇ ಬಾಯಲ್ಲಿ ಹೇಳಿ ಬರೆಸುತ್ತೇನೆ.

ನ್ಯಾಯಾಲಯದಲ್ಲಿ

ಮೂರನೇ ದಿನದಿಂದ ನ್ಯಾಯಾಲಯಕ್ಕೆ ಕರೆದೊಯ್ಯಿರಿ. ಕಲಾಪ ಶುರುವಾಗುವುದಕ್ಕೆ ಮುಕ್ಕಾಲು ಗಂಟೆ ಮೊದಲು ಅವರು ಅಲ್ಲಿರಲಿ. ಕಾಸ್ ಲಿಸ್ಟ್ (ಆ ದಿನದ ಪ್ರಕರಣಗಳ ಪಟ್ಟಿ) ನೋಡುವುದು, ಸಿ.ಎನ್.ಆರ್. ಸಂಖ್ಯೆ (ಪ್ರತಿ ಪ್ರಕರಣದ ಗುರುತು ಸಂಖ್ಯೆ) ಹಾಕಿ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರಕರಣದ ಹಂತ ತಿಳಿಯುವುದು, ಬೆಂಚ್ ಕ್ಲರ್ಕ್ ಕೂರುವುದೆಲ್ಲಿ, ಶಿರಸ್ತೇದಾರರ ಕೆಲಸವೇನು, ಅಮೀನರು ಸಮನ್ಸನ್ನು ಹೇಗೆ ಜಾರಿ ಮಾಡಿ ಷರಾ ಬರೆಯುತ್ತಾರೆ ಎಂಬುದನ್ನೆಲ್ಲ ನಿಮ್ಮ ಗುಮಾಸ್ತರೇ ನಿಮಗಿಂತ ಚೆನ್ನಾಗಿ ತೋರಿಸಬಲ್ಲರು. ಒಂದು ದಿನ ಪೂರ್ತಿ ವಿದ್ಯಾರ್ಥಿಯನ್ನು ಗುಮಾಸ್ತರ ಜೊತೆ ಬಿಡಿ. ದೃಢೀಕೃತ ನಕಲಿಗೆ ಅರ್ಜಿ ಹಾಕಿ ಪಡೆಯುವುದನ್ನು ಒಮ್ಮೆ ಮಾಡಿಸಿ. ಒಮ್ಮೆ ಮಾಡಿದರೆ ಅದು ಪಾಠ, ಹದಿನೈದನೇ ಸಲ ಅದು ಬಿಟ್ಟಿ ಚಾಕರಿ.

ಪಾಟಿ ಸವಾಲು (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು) ನೋಡುವಾಗ ಸುಮ್ಮನೆ ಕೂತು ಕೇಳಿದರೆ ಏನೂ ಉಳಿಯದು. ಹಿಂದಿನ ಸಂಜೆಯೇ ಸಾಕ್ಷಿಯ ಮುಖ್ಯ ವಿಚಾರಣೆಯ ಅಫಿಡವಿಟ್ ಓದಿಸಿ, "ನೀವಾಗಿದ್ದರೆ ಈ ಸಾಕ್ಷಿಗೆ ಯಾವ ಹತ್ತು ಪ್ರಶ್ನೆ ಕೇಳುತ್ತಿದ್ದಿರಿ?" ಎಂದು ಬರೆಸಿ. ಮರುದಿನ ನೀವು ಕೇಳಿದ ಪ್ರಶ್ನೆಗಳಲ್ಲಿ ಅವರ ಪಟ್ಟಿಯದು ಎಷ್ಟು, ಪಟ್ಟಿಯಲ್ಲಿದ್ದೂ ನೀವು ಕೇಳದೆ ಬಿಟ್ಟದ್ದು ಯಾವುದು ಎಂದು ಅವರು ಗುರುತು ಹಾಕಲಿ. ಆ ಬಿಟ್ಟ ಪ್ರಶ್ನೆಗಳ ಬಗ್ಗೆಯೇ ಸಂಜೆಯ ಅರ್ಧ ಗಂಟೆ ಮಾತನಾಡಿ. ಉತ್ತರ ಏನು ಬರುತ್ತದೆಂದು ಗೊತ್ತಿಲ್ಲದ ಪ್ರಶ್ನೆಯನ್ನು ಏಕೆ ಕೇಳಲಿಲ್ಲ ಎಂಬುದನ್ನು ಅವರು ಪುಸ್ತಕದಿಂದ ಕಲಿಯಲಾರರು. ನೀವು ಕೇಳಬೇಕಾಗಿದ್ದು ಮರೆತದ್ದಿದ್ದರೆ ಅದನ್ನೂ ಒಪ್ಪಿಕೊಳ್ಳಿ.

ಕಕ್ಷಿದಾರರ ಎದುರು

ಎರಡನೇ ವಾರದಲ್ಲಿ, ಕಕ್ಷಿದಾರರ ಅನುಮತಿ ಕೇಳಿ, ಅವರೊಡನೆ ಮಾತನಾಡುವಾಗ ವಿದ್ಯಾರ್ಥಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊದಲೆರಡು ಸಲ ಕೇಳುವುದಷ್ಟೇ ಅವರ ಕೆಲಸ. ಮೂರನೇ ಸಲ ಹತ್ತು ನಿಮಿಷ ಅವರೇ ಮಾತನಾಡಿಸಲಿ.

ಇಲ್ಲಿ ಎಡವುವುದು ಭಾಷೆಯಲ್ಲಿ. ಅಡಿಕೆ ಸೀಮೆಯ ಒಬ್ಬ ಹಿರಿಯ ಹೆಣ್ಣುಮಗಳು ಮಗನ ಮೇಲೆ ಪಾಲು ಕೇಳಲು ಬಂದಿದ್ದರು. ವಿದ್ಯಾರ್ಥಿ ಬಹಳ ಗೌರವದಿಂದ, "ಅಮ್ಮ, ಆಸ್ತಿ ಪಿತ್ರಾರ್ಜಿತವೇ?" ಎಂದು ಕೇಳಿದ. "ಹೌದಪ್ಪ, ಪಿತ್ರಾರ್ಜಿತವೇ" ಎಂದರು. ಅವನು ಹಾಗೆಯೇ ಬರೆದುಕೊಂಡ. ನಾನು ನಡುವೆ, "ತೋಟ ಮೊದಲು ಯಾರ ಹೆಸರಲ್ಲಿತ್ತಮ್ಮ? ಮಾವನವರು ಮಾಡಿದ್ದೋ?" ಎಂದೆ. "ಅಯ್ಯೋ ಇಲ್ಲ, ಮಾವನವರಿಗೆ ಏನಿತ್ತು? ನಮ್ಮೆಜಮಾನ್ರೇ ವ್ಯಾಪಾರ ಮಾಡಿ ದುಡ್ಡು ಕೂಡಿಸಿ ತಗೊಂಡಿದ್ದು. ಮಕ್ಕಳಿಗೆ ಅಪ್ಪನ ಆಸ್ತಿ ತಾನೇ, ಅದಕ್ಕೇ ಪಿತ್ರಾರ್ಜಿತ ಅಂದೆ" ಎಂದರು. ಗಂಡ ಸ್ವಂತ ದುಡಿಮೆಯಿಂದ ಕೊಂಡು ಉಯಿಲು ಬರೆಯದೆ ತೀರಿಕೊಂಡಿದ್ದರೆ ಹೆಂಡತಿ ಮಕ್ಕಳಿಗೆ ಸಮಪಾಲು. ಹಿರಿಯರಿಂದ ಬಂದ ಅವಿಭಕ್ತ ಕುಟುಂಬದ ಆಸ್ತಿಯಾದರೆ ಲೆಕ್ಕವೇ ಬೇರೆ. ಒಂದು ಪದದಿಂದ ಪಾಲಿನ ಪ್ರಮಾಣವೂ ವಾದಪತ್ರದ ಬುನಾದಿಯೂ ಬದಲಾಗಿಬಿಡುತ್ತಿತ್ತು. ಕಾನೂನಿನ ಪದವನ್ನು ಕಕ್ಷಿದಾರರ ಬಾಯಿಂದ ಹೇಳಿಸಬೇಡಿ. ನಡೆದ ಸಂಗತಿಯನ್ನು ಅವರಿಂದ ಹೇಳಿಸಿ, ಪದವನ್ನು ನೀವು ಹುಡುಕಿಕೊಳ್ಳಿ ಎಂಬುದನ್ನು ಈ ಬಗೆಯ ಒಂದು ಉದಾಹರಣೆಯೊಂದಿಗೆ ಕಲಿಸಿದರೆ ಅದು ಎಂದಿಗೂ ಮರೆಯದು.

ಕಡಿಮೆ ಕಕ್ಷಿದಾರರಿರುವ ಕಚೇರಿಯಾದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯಲ್ಲಿ ಎರಡು ದಿನ ಕೂರಿಸಲು ಅನುಮತಿ ಕೇಳಬಹುದು. ಉಚಿತ ಕಾನೂನು ನೆರವು ಕೇಳಿ ಬರುವವರ ಮಾತು ಕೇಳುವುದೇ ದೊಡ್ಡ ಪಾಠ.

ಬರೆಸುವುದು, ತಿದ್ದುವುದು

ಮೂರನೇ ವಾರ ಪೂರ್ತಿ ಬರವಣಿಗೆಗೆ ಮೀಸಲಿಡಿ. ಕ್ರಮ ಹೀಗಿರಲಿ: ಮೊದಲು ಲಾಯರ್ ನೋಟಿಸ್, ಆಮೇಲೆ ಮಧ್ಯಂತರ ಅರ್ಜಿ ಮತ್ತು ಅದಕ್ಕೆ ಬೆಂಬಲವಾದ ಅಫಿಡವಿಟ್, ಕೊನೆಗೆ ವಾದಪತ್ರ. ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿ ಕನ್ನಡದಲ್ಲಿ ಬರೆಯಬೇಕಾದ ಸಂದರ್ಭ ಬಹಳ, ಆದರೆ ಇಂಗ್ಲಿಷಿನಲ್ಲಿ ಓದಿದವರಿಗೆ ಕನ್ನಡದ ವಾದಪತ್ರ ಬರೆಯಲು ಬಾರದು. ಕನ್ನಡದಲ್ಲಿ ಓದಿದವರು ಉಚ್ಚ ನ್ಯಾಯಾಲಯದ ಇಂಗ್ಲಿಷ್ ಕಡತ ಕಂಡರೆ ಹಿಂಜರಿಯುತ್ತಾರೆ. ಆದ್ದರಿಂದ ಒಂದೇ ಅಫಿಡವಿಟ್ಟನ್ನು ಎರಡೂ ಭಾಷೆಯಲ್ಲಿ ಬರೆಸಿ. ಹಳೆಯ ಮಾದರಿಯನ್ನು ನಕಲು ಮಾಡಿ ಹೆಸರು ಬದಲಿಸಲು ಬಿಡಬೇಡಿ. ಹಾಗೆ ಮಾಡಿದಾಗ ಹಿಂದಿನ ಕಕ್ಷಿದಾರರ ಊರಿನ ಹೆಸರು ಹೊಸ ಅಫಿಡವಿಟ್ಟಿನ ಮೂರನೇ ಪ್ಯಾರಾದಲ್ಲಿ ಉಳಿದುಬಿಡುವುದನ್ನು ನಾವೆಲ್ಲ ಕಂಡಿದ್ದೇವೆ.

ತಿದ್ದುವಾಗ ಕಾಗದದ ಮೇಲೆ ತಿದ್ದಿ. ಪ್ರತಿ ತಿದ್ದುಪಡಿಯ ಪಕ್ಕದಲ್ಲಿ ಕಾರಣವನ್ನು ನಾಲ್ಕು ಪದಗಳಲ್ಲಿ ಬರೆಯಿರಿ: "ದಿನಾಂಕ ಇಲ್ಲ", "ಇದು ಸಂಗತಿಯಲ್ಲ, ವಾದ", "ವ್ಯಾಜ್ಯ ಕಾರಣ ಎಲ್ಲಿ?". ಅದೇ ಕರಡನ್ನು ಮರುದಿನ ಮತ್ತೆ ಬರೆಸಿ. ಮೂರು ಸಲ ಬರೆದ ಒಂದು ವಾದಪತ್ರವು, ಒಂದೊಂದು ಸಲ ಬರೆದ ಹತ್ತು ವಾದಪತ್ರಗಳಿಗಿಂತ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ವಿದ್ಯಾರ್ಥಿಯ ಕರಡಿನಿಂದ ಒಂದು ಪ್ಯಾರಾವನ್ನು ನೀವು ನಿಜವಾದ ದಾವೆಯಲ್ಲಿ ಬಳಸಿಕೊಂಡರೆ, ಅದನ್ನು ಅವರಿಗೆ ತೋರಿಸಿ ಹೇಳಿ.

ಕ್ರಿಮಿನಲ್ ಕಡತ ಕೊಡುವುದಾದರೆ ಒಂದು ಎಚ್ಚರ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದ್ದರೂ, ಅದಕ್ಕೂ ಮೊದಲು ನಡೆದ ಅಪರಾಧಗಳಿಗೆ ಭಾರತೀಯ ದಂಡ ಸಂಹಿತೆಯೇ ಅನ್ವಯಿಸುತ್ತದೆ. ಇನ್ನೂ ಹಲವು ವರ್ಷ ಎರಡೂ ಕಾನೂನುಗಳು ಮೇಜಿನ ಮೇಲೆ ಇರಲೇಬೇಕು. ಕಡತದ ಅಪರಾಧ ನಡೆದ ದಿನಾಂಕವನ್ನು ಮೊದಲು ನೋಡುವ ಅಭ್ಯಾಸ ಮಾಡಿಸಿ.

ಕಚೇರಿಯ ನಡವಳಿಕೆ

ವಿದ್ಯಾರ್ಥಿಗೆ ಒಂದು ಕುರ್ಚಿ, ಮೇಜಿನಲ್ಲಿ ಒಂದು ಮೂಲೆ ಖಾಯಂ ಇರಲಿ. ಸಂಜೆ ಏಳರ ಮೇಲೆ ಉಳಿಸಿಕೊಳ್ಳಬೇಡಿ. ಉಳಿಯಬೇಕಾದ ದಿನ ಮನೆಯವರಿಗೆ ಮೊದಲೇ ತಿಳಿಸಿ, ಊರಿನ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿ. ವಿದ್ಯಾರ್ಥಿನಿಯರ ವಿಷಯದಲ್ಲಿ ನಮ್ಮ ಸಣ್ಣ ಕಚೇರಿಗಳು ಇನ್ನೂ ಹೆಚ್ಚು ಹೊಣೆ ಹೊರಬೇಕು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ತರಬೇತಿಯಲ್ಲಿರುವವರಿಗೂ ಅನ್ವಯಿಸುತ್ತದೆ, ಮತ್ತು ಹತ್ತಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಕಚೇರಿಯ ದೂರುಗಳನ್ನು ಜಿಲ್ಲೆಯ ಸ್ಥಳೀಯ ಸಮಿತಿ ಕೇಳುತ್ತದೆ. ಈ ಮಾಹಿತಿಯನ್ನು ಮೊದಲ ವಾರವೇ, ಹುಡುಗ ಹುಡುಗಿ ಎನ್ನದೆ ಎಲ್ಲರಿಗೂ ಕೊಡಿ. ಬಸ್ಸಿನ ಖರ್ಚು ಮತ್ತು ಮಧ್ಯಾಹ್ನದ ಊಟ ನಿಮ್ಮ ಕಡೆಯಿಂದ ಇರಲಿ. ದೂರದ ಹಳ್ಳಿಯಿಂದ ಬರುವವರು ಅದನ್ನು ಬಾಯಿಬಿಟ್ಟು ಕೇಳುವುದಿಲ್ಲ.

ಕೊನೆಯ ವಾರ ಮತ್ತು ಅನಂತರ

ನಾಲ್ಕನೇ ವಾರದ ಮೊದಲ ಮೂರು ದಿನ ಅವರ ಒಂದೇ ಕಡತದ ಮೇಲೆ ಹತ್ತು ನಿಮಿಷ ವಾದ ಮಂಡಿಸಲು ಹೇಳಿ. ನೀವು ನ್ಯಾಯಾಧೀಶರ ಸ್ಥಾನದಲ್ಲಿ ಕುಳಿತು ನಡುನಡುವೆ ಪ್ರಶ್ನೆ ಕೇಳಿ. ಕಿರಿಯ ವಕೀಲರೊಬ್ಬರು ಎದುರು ಪಕ್ಷ ವಹಿಸಲಿ. ಎರಡನೇ ಸಲ ಪಕ್ಷ ಬದಲಿಸಿ ವಾದಿಸಲಿ. ದಿನಚರಿಯನ್ನು ಪುಟ ಪುಟವಾಗಿ ಓದಿಯೇ ಸಹಿ ಹಾಕಿ.

ಪ್ರಮಾಣಪತ್ರದಲ್ಲಿ "ತೃಪ್ತಿಕರವಾಗಿ ಪೂರೈಸಿದ್ದಾರೆ" ಎಂಬ ಒಂದು ಸಾಲು ಬರೆದು ಮುಗಿಸಬೇಡಿ. ಎಷ್ಟು ದಿನ ಬಂದರು, ಯಾವ ಬಗೆಯ ಕಡತ ಓದಿದರು, ಏನೇನು ಬರೆದರು, ಎಷ್ಟು ಸಾಕ್ಷಿಗಳ ವಿಚಾರಣೆ ನೋಡಿದರು ಎಂಬುದನ್ನು ಇದ್ದಂತೆ ಬರೆಯಿರಿ. ಅರ್ಧದಷ್ಟು ದಿನಗಳು ಬಾರದವರಿಗೆ ಪೂರ್ಣ ಪ್ರಮಾಣಪತ್ರ ಕೊಡುವುದು, ದಿನವೂ ಬಂದವರಿಗೆ ಮಾಡುವ ಅನ್ಯಾಯ. ಅಂತಿಮ ವರ್ಷದವರಾದರೆ ವಕೀಲರ ಪರೀಕ್ಷೆಯ ಬಗ್ಗೆಯೂ ಮಾತನಾಡಿ: ಅಂತಿಮ ಸೆಮಿಸ್ಟರಿನ ಅರ್ಹ ವಿದ್ಯಾರ್ಥಿಗಳಿಗೂ ಅದನ್ನು ಬರೆಯುವ ಅವಕಾಶವಿರಬೇಕೆಂಬ ಸಲಹೆಯನ್ನು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2023ರ ಫೆಬ್ರವರಿಯಲ್ಲಿ ಒಪ್ಪಿದೆ. ನೋಂದಣಿ ಶುಲ್ಕ ವಕೀಲರ ಕಾಯ್ದೆಯಲ್ಲಿ ಹೇಳಿದ್ದಕ್ಕಿಂತ ಹೆಚ್ಚಿರಬಾರದೆಂದು, ಅಂದರೆ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ ಎಂದು, 2024ರ ಜುಲೈನಲ್ಲಿ ತೀರ್ಪಾಗಿದೆ. ಹಣದ ಅಂಜಿಕೆಯಿಂದ ನೋಂದಣಿಯನ್ನು ಮುಂದೂಡುವವರಿಗೆ ಈ ಮಾತು ತಿಳಿದಿರಬೇಕು.

ಹೊರಡುವಾಗ ಅವರು ಓದಿದ ಕಡತದ ಮುಂದಿನ ದಿನಾಂಕವನ್ನೂ ಸಿ.ಎನ್.ಆರ್. ಸಂಖ್ಯೆಯನ್ನೂ ಬರೆದುಕೊಂಡು ಹೋಗಲಿ. ಅವರ ಹೆಸರನ್ನು ಆ ಕಡತದ ರಕ್ಷಾಪುಟದ ಒಳಮಗ್ಗುಲಲ್ಲಿ ಪೆನ್ಸಿಲಿನಲ್ಲಿ ಬರೆದಿಡಿ. ಪಾಲು ದಾವೆಯ ತೀರ್ಪು ಅವರು ಕಾಲೇಜಿನಲ್ಲಿರುವಾಗಲೇ ಬರಬಹುದು, ಅವರು ಬೇರೆ ಊರಿನಲ್ಲಿ ವಕೀಲರಾದ ಮೇಲೂ ಬರಬಹುದು. ಬಂದ ದಿನ ಒಂದು ಕರೆ ಮಾಡಿ, ವಿವಾದಾಂಶ ಒಂದಕ್ಕೆ ನ್ಯಾಯಾಲಯ ಏನು ಉತ್ತರ ಕೊಟ್ಟಿದೆ ಎಂದು ಓದಿ ಹೇಳಿ.